ಕರಿಕಿವಿಯ ಹೊಲಿಗೆ

ಮನೆಯಿಂದ,
ಸೋಮವಾರ, ಮಧ್ಯಾಹ್ನ

ಪ್ರೀತಿಯ ಅತ್ತೆ,

ಮಂಡಿ ಹೇಗಿದೆ? ಆಪರೇಷನ್ ಆದಮೇಲೆ ಕೋಲು ಹಿಡಿಯಲು ನಾಚಿಕೊಳ್ಳುತ್ತೀರೆಂದು ನಾದಿನಿ ಹೇಳಿದಳು. ಇಲ್ಲಿ ನಮ್ಮನ್ನೆಲ್ಲ ಗದರಿಸುವಾಗ ಇಲ್ಲದ ನಾಚಿಕೆ ಮಗಳ ಮನೆಯಲ್ಲೇಕೆ? ಮಾತ್ರೆ ತಪ್ಪಿಸಬೇಡಿ.

ಕರಿಕಿವಿ ಕರು ಹಾಕಿದಳು, ಕರು ಉಳಿಯಲಿಲ್ಲ ಎಂದಷ್ಟೇ ನಿಮ್ಮ ಮಗ ಫೋನಿನಲ್ಲಿ ಹೇಳಿದರು. ನಡೆದದ್ದು ಅಷ್ಟೇ ಅಲ್ಲ. ಅವಳಿಗೆ ಮೊದಲ ಗಬ್ಬ. ಕರುವಿನ ಕಾಲು ಕಾಣಿಸಿದ ಮೇಲೂ ಅದು ಮುಂದೆ ಬರಲೊಲ್ಲದು. ದನದ ಡಾಕ್ಟರಮ್ಮ ಬರುವವರೆಗೆ ಕಾಯೋಣವೆಂದೆ. "ಅವರು ಬರೋಷ್ಟರಲ್ಲಿ ಎರಡೂ ಹೋಗ್ತವೆ, ಸುಮ್ನಿರು" ಎಂದು ನಿಮ್ಮ ಮಗ ಆ ಕಾಲಿಗೆ ಹಗ್ಗ ಬಿಗಿದು, ಹಾಲಿನ ವ್ಯಾನಿನ ಡ್ರೈವರನ್ನೂ ಕರೆದು ಎಳೆದರು. ಬಟ್ಟೆ ಹರಿದಂಥ ಸದ್ದು ಬಂತು, ಅತ್ತೆ. ಕರು ಬರುವ ದಾರಿಯೂ ಸಗಣಿಯ ದಾರಿಯೂ ಹರಿದು ಒಂದಾಗಿದ್ದವು. ಕರು ಉಸಿರೆಳೆಯಲೇ ಇಲ್ಲ. ಅದರ ತಲೆಯ ಗಾತ್ರ ನೋಡಿ ಡ್ರೈವರ್, "ಇದು ಈಗ ಹುಟ್ಟಿದ್ದಾ ಅಮ್ಮ?" ಎಂದು ಹಿಂದೆ ಸರಿದ.

ಆಗಲೇ ಹೊಲಿದರೆ ಬಿಚ್ಚಿಹೋಗುತ್ತದೆ, ಮೊದಲು ಊತ ಇಳಿದು ಗಾಯ ಮಾಗಲಿ ಎಂದರು ಡಾಕ್ಟರಮ್ಮ. ಆ ವಾರಗಳನ್ನು ಹೇಗೆ ಕಳೆದೆನೋ. ಅವಳು ಹೆಜ್ಜೆಯಿಟ್ಟಾಗಲೆಲ್ಲ ಗಾಳಿ ಒಳಕ್ಕೆ ಎಳೆದುಕೊಳ್ಳುವ ಸದ್ದು ಅಡುಗೆಮನೆಯವರೆಗೂ ಕೇಳಿಸುತ್ತಿತ್ತು. ಸಗಣಿ ಒಳಗೇ ಇಳಿದು ನಾರುತ್ತಿತ್ತು. ಬೇರೆ ಹಸುಗಳು ಅವಳ ಪಕ್ಕದಲ್ಲಿ ಮಲಗುತ್ತಿರಲಿಲ್ಲ.

ನಿನ್ನೆ ಆಪರೇಷನ್ ಆಯಿತು. ಸಗಣಿ ಕಡಿಮೆಯಾಗಲೆಂದು ಮೊದಲೇ ಮೇವು ನಿಲ್ಲಿಸಿದ್ದೆವು. ಕಂಬಗಳ ನಡುವೆ ನಿಲ್ಲಿಸಿ ಕಟ್ಟಿ, ಬಾಲದ ಬುಡಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಬಾಲ ಹಿಡಿದು ನಿಂತವಳು ನಾನು. ಒಣಗಿದ ಅಂಚನ್ನು ಕತ್ತರಿಸಿ ಹಸಿ ಮಾಡಿ, ಎರಡು ದಾರಿಗಳ ನಡುವೆ ಗೋಡೆ ಎಬ್ಬಿಸಿದಂತೆ ಪದರ ಪದರವಾಗಿ ಹೊಲಿದರು. ಇವತ್ತು ಗಾಳಿಯ ಸದ್ದಿಲ್ಲ. ಸಗಣಿ ತೆಳ್ಳಗೆ, ಸರಿಯಾದ ದಾರಿಯಲ್ಲೇ ಬಿತ್ತು. ಸಗಣಿ ನೋಡಿ ಖುಷಿಗೆ ಅತ್ತವಳು ನಾನೊಬ್ಬಳೇ ಇರಬೇಕು! ಹೊಲಿಗೆ ಕೂಡಿಕೊಂಡರೂ ಮತ್ತೆ ಗಬ್ಬ ನಿಲ್ಲುತ್ತಾಳೆಂಬ ಭರವಸೆ ಇಲ್ಲವಂತೆ. ನಿಮ್ಮ ಮಗ ಮಾತ್ರ ಕೊಟ್ಟಿಗೆಯತ್ತ ತಲೆಯೇ ಹಾಕಲಿಲ್ಲ.

ನಾದಿನಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸಿ. ನಿಮ್ಮ ಆಶೀರ್ವಾದ ನಮಗೂ ಈ ಮೂಕಪ್ರಾಣಿಗಳಿಗೂ ಇರಲಿ.

ನಿಮ್ಮ ಸೊಸೆ

ತಾ.ಕ.: ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಮಗ ಪಕ್ಕದಲ್ಲೇ ಇರುತ್ತಾರೆ. ಹೊರಡುವಾಗ ಡಾಕ್ಟರಮ್ಮ, "ಇಷ್ಟು ಚಿಕ್ಕ ಕಡಸಿಗೆ ಆ ದೊಡ್ಡ ತಳಿಯ ಹೋರಿಯ ಸೆಮೆನ್ ಯಾಕೆ ಕೊಡಿಸಿದ್ರಿ?" ಎಂದು ಕೇಳಿದರು. ಅತ್ತೆ, ಇವರು ಎಲ್ಲ ಕಡಸುಗಳಿಗೂ ಅದನ್ನೇ ಕೊಡಿಸಿದ್ದಾರೆ. ಒಂದರ ಕೆಚ್ಚಲು ಆಗಲೇ ಬಿಗಿಯುತ್ತಿದೆ, ಕರು ಹಾಕುವ ದಿನ ಹತ್ತಿರ ಬಂತು. "ಕೈಲಿ ಎಳೆದಿದ್ದೇ ತಪ್ಪಾಯ್ತು, ಈ ಸಲ ಟ್ರಾಕ್ಟರಿಗೆ ಕಟ್ಟೋಣ" ಅನ್ನುತ್ತಿದ್ದಾರೆ. ಅವರು ಕೇಳುವುದು ನಿಮ್ಮ ಮಾತೊಂದನ್ನೇ. ಈ ಪತ್ರ ತಂದ ಹಾಲಿನ ವ್ಯಾನನ್ನೇ ಹತ್ತಿ ಬನ್ನಿ. ನಡೆಯಲಾಗದಿದ್ದರೂ ಸರಿ, ಕೊಟ್ಟಿಗೆಯ ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಡುತ್ತೇನೆ. ನೀವು ಕೂತಿದ್ದರೆ ಸಾಕು.