ಬೀಡಿ ಬ್ರಾಂಚಿನ ಗ್ರಾಮಸಭೆ

ಆಗಸ್ಟ್ ೧೨, ಮಂಗಳವಾರ
ಪಂಚಾಯತ್‌ನಿಂದ ಬಂದು ಈಗಷ್ಟೇ ಕೂತೆ. ಇವತ್ತೂ ಅದೇ ಪ್ರಶ್ನೆ — ದೆಹಲಿಯಲ್ಲಿ ಎಂತ ಆಯ್ತು ಅಧ್ಯಕ್ಷರೇ? ಹೇಳಿ ಹೇಳಿ ಬಾಯಿ ನೋವು. ಏಳೆಂಟು ದೇಶದ ಮಂತ್ರಿಗಳು, ದೊಡ್ಡ ಸ್ಕ್ರೀನು, ಕಿವಿಗೆ ಇಯರ್‌ಫೋನು. ಸಮ್ಮೇಳನದ ಎರಡು ದಿನವೂ ಒಂದೇ ಮಾತು: ಊರಿನ ತೀರ್ಮಾನದಲ್ಲಿ ಹೆಂಗಸರು ಇರಬೇಕು. ಸರಿ, ಹೇಗೆ? ಅದನ್ನು ಯಾರೂ ಹೇಳಲಿಲ್ಲ. ಕಡೆಗೆ ನಮ್ಮಂಥ ಪಂಚಾಯತ್‌ನವರಿಗೆ ಮೈಕ್ ಕೊಟ್ಟು, ನೀವೇನು ಮಾಡುತ್ತೀರಿ ಹೇಳಿ ಎಂದರು. ಬಾಯಿಗೆ ಬಂದದ್ದು ಹೇಳಿಬಿಟ್ಟೆ — ನಮ್ಮ ಪೇಟೆಯಲ್ಲಿ ಹೆಂಗಸರಿಗೊಂದು ಟಾಯ್ಲೆಟ್, ಹೆಂಗಸರೇ ತೀರ್ಮಾನಿಸಿ ಕಟ್ಟುತ್ತೇವೆ. ಎಲ್ಲ ಭಾಷೆಯವರೂ ಚಪ್ಪಾಳೆ ತಟ್ಟಿದರು.

ಈಗ ಕಟ್ಟಬೇಕಲ್ಲ. ಗ್ರಾಮಸಭೆ ಒಪ್ಪಿದರೆ ಮಾತ್ರ. ಉಪಾಧ್ಯಕ್ಷ ಬೋಜಪ್ಪಣ್ಣನಿಗೆ ಅದೇ ಜಾಗದಲ್ಲಿ ಸ್ವಾಗತ ಕಮಾನು ಆಗಬೇಕು.

ಆಗಸ್ಟ್ ೧೩
ಸಭೆಗೆ ದಿನ ಗೊತ್ತುಮಾಡಿದೆ. ರಾಹುಕಾಲ ತಪ್ಪಿಸಿದೆ. ಶುಕ್ರವಾರದ ನಮಾಜು ತಪ್ಪಿಸಿದೆ. ಒಂದು ಮದುವೆ, ಒಂದು ಉತ್ತರಕ್ರಿಯೆ — ಅದನ್ನೂ. ೨೦ ಬುಧವಾರ, ಬೆಳಿಗ್ಗೆ ಹತ್ತೂವರೆ. ಇಷ್ಟು ಚೊಕ್ಕ ದಿನ ಬೇಕೆಂದರೂ ಸಿಗದು.

ಆಗಸ್ಟ್ ೨೦, ಸಂಜೆ
ಬಂದ ಹೆಂಗಸರು — ನಾನು, ಆಶಾ ಕಾರ್ಯಕರ್ತೆ ಭವಿತಾ, ಅಂಗನವಾಡಿ ಟೀಚರು. ಗಂಡಸರ ಕುರ್ಚಿ ಭರ್ತಿ. "ಹೆಂಗಸರಿಗೇ ಬೇಡದ್ದು ನಮಗೆ ಎಂತಕ್ಕೆ ಮಾರಾಯ್ರೆ?" ಎಂದರು ಬೋಜಪ್ಪಣ್ಣ. ಮೈ ಉರಿಯಿತು. ಹೆಂಗಸರ ಕೋರಂ ಇಲ್ಲವೆಂದು ಪಿಡಿಒ ಸಭೆ ಮುಂದೂಡಿದ್ದರಿಂದ ಬಚಾವು.

ಬರುವಾಗ ನೋಡುತ್ತೇನೆ — ಊರಿನ ಹೆಂಗಸರೆಲ್ಲ, ಕಂಪೆನಿಯವರು ಎಲೆ ಕೊಟ್ಟು ಬೀಡಿ ತೆಗೆದುಕೊಳ್ಳುವ ಬ್ರಾಂಚಿನ ಎದುರು. ಕಟ್ಟಿದ ಬೀಡಿ ಹಿಡಿದುಕೊಂಡು ಸಾಲು. ಸಾಲಿನಲ್ಲಿದ್ದ ನೆಬೀಸಕ್ಕ ನಕ್ಕರು. "ಬುಧವಾರ ಬೀಡಿ ಕೊಡುದಲ್ವಾ ಅಧ್ಯಕ್ಷರೇ. ಇವತ್ತು ತಪ್ಪಿದ್ರೆ ಶನಿವಾರದವರೆಗೆ ಎಲೆ ಸಿಗುದಿಲ್ಲ. ನಾವು ಬರುದು ಹೇಗೆ?"

ರಾಹು ನೆನಪಾದ ನನಗೆ ಬೀಡಿ ನೆನಪಾಗಲಿಲ್ಲ. ಅಮ್ಮ ನನ್ನನ್ನು ಓದಿಸಿದ್ದೇ ಬೀಡಿ ಕಟ್ಟಿ. ಪೇಟೆಯಲ್ಲಿ ಅರ್ಧ ದಿನ ಕಾಯುವವರು, ಹೋಗಲು ಜಾಗವಿಲ್ಲದವರು ಇವರೇ. ನಾಚಿಕೆಯಾಯಿತು.

ಆಗಸ್ಟ್ ೨೧
ಮುಂದಿನ ಸಭೆ ಶನಿವಾರ ೩೦ಕ್ಕೆ, ಬ್ರಾಂಚಿನ ಅಂಗಳದಲ್ಲೇ ಎಂದೆ. "ಅದು ಗ್ರಾಮಸಭೆಯಾ, ಬೀಡಿ ಬ್ರಾಂಚಾ?" — ಬೋಜಪ್ಪಣ್ಣ. ಎರಡೂ ಎಂದೆ. ಬ್ರಾಂಚು ನಡೆಸುವ ಸುಲೈಮಾನ್ ಸಾಹೇಬರು ಗಡ್ಡ ಕೆರೆದುಕೊಂಡು, "ಬೀಡಿ ತೆಗೊಳ್ಳುದು ನಾನು ನಿಲ್ಲಿಸುದಿಲ್ಲ. ಶಾಮಿಯಾನ ಬೇಕಾದ್ರೆ ಹಾಕಿಸ್ತೇನೆ" ಎಂದರು. ಸಾಕು, ಸಾಕು.

ಆಗಸ್ಟ್ ೩೦
ಗೆದ್ದೆವು.

ಶಾಮಿಯಾನದಡಿ ಜಾಗ ಸಾಲಲಿಲ್ಲ. ಮಡಿಲಲ್ಲಿ ಮೊರದಂಥ ಗೆರಸೆ, ಅದರಲ್ಲಿ ಎಲೆ, ಹೊಗೆಸೊಪ್ಪು. ಬೀಡಿ ಸುತ್ತುತ್ತಲೇ ಕೇಳಿದರು, ಸುತ್ತುತ್ತಲೇ ಜಗಳಾಡಿದರು. ಬಾಗಿಲು ಯಾವ ಕಡೆಗೆ, ಬೀಗದ ಕೈ ಯಾರ ಹತ್ತಿರ, ಟ್ಯಾಂಕಿಗೆ ನೀರು ಎಲ್ಲಿಂದ. ಬೋಜಪ್ಪಣ್ಣ ಎದ್ದು ಕಮಾನಿನ ಚಂದ ವರ್ಣಿಸಿದರು. ನೆಬೀಸಕ್ಕ ತಲೆಯನ್ನೂ ಎತ್ತಲಿಲ್ಲ.

"ಕಮಾನು ಚಂದ ಉಂಟು ಬೋಜಪ್ಪಣ್ಣ. ಅರ್ಜೆಂಟ್ ಆದ್ರೆ ಅದರ ಯಾವ ಕಂಬದ ಹಿಂದೆ ಹೋಗುದು, ಅದೊಂದು ಹೇಳಿ."

ಗಂಡಸರೇ ಮೊದಲು ನಕ್ಕರು. ಒಪ್ಪುವವರು ಕೈ ಎತ್ತಿ ಎಂದಾಗ ಮಾತ್ರ ಬೀಡಿ ನಿಂತಿತು. ಅಷ್ಟೂ ಕೈ ಮೇಲೆ, ಬೆರಳಿಗೆ ನೂಲು ಸುತ್ತಿಕೊಂಡೇ. ಸುತ್ತ ನೋಡಿ ಬೋಜಪ್ಪಣ್ಣನೂ ಎತ್ತಿದರು. ನನಗೆ ಅಳು ಬಂತು. ದೆಹಲಿಯ ಚಪ್ಪಾಳೆಗೆ ಹೀಗಾಗಿರಲಿಲ್ಲ.

ಜನವರಿ ೭, ಬುಧವಾರ
ಟಾಯ್ಲೆಟ್ಟಿನ ಬಾಗಿಲು ತೆರೆದಾಯಿತು. ರಿಬ್ಬನ್ ಕತ್ತರಿಸಿದ್ದು ಎಲ್ಲರಿಗಿಂತ ಹಿರಿಯರಾದ ದುಗ್ಗಮ್ಮಜ್ಜಿ, ಬೀಡಿ ಎಲೆಯ ಕತ್ತರಿಯಲ್ಲೇ. ಆಮೇಲೆ ಸೀದಾ ಎದುರಿನ ಹೋಟೆಲಿಗೆ ನುಗ್ಗಿ ಎಲ್ಲರಿಗೂ ಚಾ ಹೇಳಿದರು. ಎರಡನೇ ಗ್ಲಾಸು ಕೈಯಲ್ಲಿ ಹಿಡಿದು, "ಮದುವೆಯಾಗಿ ಬಂದ ಮೇಲೆ ಬೀಡಿ ಕೊಡುವ ದಿನ ಬೆಳಿಗ್ಗೆ ಒಂದು ತೊಟ್ಟು ನೀರು ಕುಡಿದವಳಲ್ಲ ಮಗಾ" ಎಂದರು. ಮೂರನೆಯದೂ ಹೇಳಿದರು.

ಅಷ್ಟರಲ್ಲಿ ದೆಹಲಿಯಿಂದ ಫೋನು. ಅಲ್ಲಿಯ ಮುಂದಿನ ಸಮ್ಮೇಳನಕ್ಕೆ ವರದಿ ಬೇಕಂತೆ, ಎರಡೇ ವಾಕ್ಯದಲ್ಲಿ. ನಮ್ಮ ಹೆಂಗಸರು ಚಾ ಕುಡಿಯುತ್ತಿದ್ದಾರೆ ಮೇಡಂ ಎಂದೆ. ಎರಡನೇ ವಾಕ್ಯ? ಎಂದರು. ಯೋಚಿಸುತ್ತಿದ್ದೆ, ಅಜ್ಜಿ ನನ್ನ ಮುಂದೆಯೂ ಒಂದು ಗ್ಲಾಸು ತಂದಿಟ್ಟರು. ನಾನೂ ಕುಡಿಯುತ್ತಿದ್ದೇನೆ ಎಂದೆ.