ಅರ್ಧ ಸೆಂಟಿಮೀಟರು

ರಾಯಚೂರು
೧೮ ಆಗಸ್ಟ್ ೨೦೨೪

ಗೆಳೆಯ ಮುಜಾಹಿದ್‌ಗೆ ಸಂಜೀವನ ಸಲಾಂ.

ನಿನ್ನ ಮೂರು ಮೆಸೇಜು ನೋಡಿಯೂ ಸುಮ್ಮನಿದ್ದೆ. ಫೋನ್ ಮಾಡಿದರೆ ಬಂದೋಬಸ್ತ್ ಡ್ಯೂಟಿ ಎಂದು ಸುಳ್ಳು ಹೇಳಿದೆ. ಬೈದುಬಿಡು. ಬಾಯಲ್ಲಿ ಹೇಳುವ ಮಾತಲ್ಲ, ಅದಕ್ಕೇ ಪೆನ್ನು ಹಿಡಿದಿದ್ದೇನೆ. ಮಾನ್ವಿ ಕಾಲೇಜು ಬಿಟ್ಟ ಮೇಲೆ ನಾನು ಬರೆಯುತ್ತಿರುವ ಮೊದಲ ಕಾಗದ ಇದೇ ಇರಬೇಕು.

ನೀನು ಕೇಳಿದ್ದು ಒಂದೇ ಮಾತು. ನನ್ನ ಮಗ ವಿನೋದ ವಾಯುಪಡೆಯ ಮೆಡಿಕಲ್‌ನಲ್ಲಿ ಯಾಕೆ ಬಿದ್ದ? ಹದಿನೆಂಟು ವರ್ಷದಿಂದ ಆ ಪಡೆಯಲ್ಲೇ ಇರುವ ನಿನ್ನಿಂದ ಫೋನಿನಲ್ಲೇ ಪಾಠ ಹೇಳಿಸಿಕೊಂಡು, ಪರೀಕ್ಷೆ ಪಾಸು ಮಾಡಿ, ಓಟದಲ್ಲೂ ಗೆದ್ದಿದ್ದ ಹುಡುಗ.

ನನಗೆ ಮಾತ್ರ ಅವನು ನನ್ನಂತೆ ಪೊಲೀಸನಾಗಬೇಕಿತ್ತು. "ಅಗ್ನಿವೀರ ಅಂತ ನಾಲ್ಕು ವರ್ಷ ದುಡಿಸ್ಕೊಂಡು ಮನಿಗಿ ಕಳಸ್ತಾರ. ಪೊಲೀಸ್ ಆದ್ರ ಅರವತ್ತರ ತನಕ ಚಿಂತಿಲ್ಲ," ಅಂತ ಊಟಕ್ಕೆ ಕೂತಾಗಲೆಲ್ಲ ಅವನ ತಲೆ ತಿಂದೆ. "ಯಪ್ಪಾ, ನನಗ ವಿಮಾನದ ಇಂಜಿನ್ ಕೆಲಸ ಕಲೀಬೇಕಂತ ಅದ," ಅನ್ನುತ್ತಿದ್ದ. ಆದರೂ ನನ್ನ ಮಾತು ತೆಗೆದುಹಾಕದೆ ಪೊಲೀಸ್ ಪರೀಕ್ಷೆಯನ್ನೂ ಬರೆದು ಪಾಸಾದ. ಉಳಿದದ್ದು ಎತ್ತರ. ನೂರಾ ಅರವತ್ತೆಂಟಕ್ಕೆ ಅರ್ಧ ಸೆಂಟಿಮೀಟರು ಕಡಿಮೆ.

ದೇವದುರ್ಗದಲ್ಲಿ ಒಬ್ಬ ತರಬೇತಿ ಮಾಸ್ತರ ಇದ್ದಾನೆ. ಅವನ ಫ್ಲೆಕ್ಸಿನಲ್ಲಿ ಒಂದು ಕಡೆ ಯುದ್ಧವಿಮಾನ, ಇನ್ನೊಂದು ಕಡೆ ಖಾಕಿ ಟೋಪಿ, ನಡುವೆ ಎರಡಕ್ಕಿಂತ ದೊಡ್ಡದಾಗಿ ಅವನ ಮುಖ. "ಅರ್ಧ ಸೆಂಟಿಮೀಟರ್ ಏನ್ ಮಹಾ ರೀ? ನನ್ ಹತ್ರ ಬಿಡ್ರಿ," ಅಂದ.

ಅಳತೆಯ ದಿನ ಬೆಳಿಗ್ಗೆ ಅವನ ಅಂಗಳದಲ್ಲಿ ಏಳು ಹುಡುಗರು ಸಾಲಾಗಿ ಕೂತಿದ್ದರು. ಟವೆಲ್ ಸುತ್ತಿದ ಬಡಿಗೆಯಿಂದ ನಡುನೆತ್ತಿಗೆ ಒಂದೊಂದೇ ಏಟು. ಬಾವು ಬಂದರೆ ಎತ್ತರ ಹೆಚ್ಚುತ್ತದಂತೆ! ಹುಡುಗರು ಹಲ್ಲು ಕಚ್ಚಿ ಕಣ್ಣೀರು ಸುರಿಸುತ್ತಿದ್ದರೆ, ಬಾಯ್ತುಂಬ ಗುಟ್ಕಾ ತುಂಬಿಕೊಂಡು ಅವನು ಟೇಪು ಹಿಡಿಯುತ್ತಿದ್ದ. ಒಬ್ಬ ತಾಯಿ ಮಗನ ಬಾವು ಮುಟ್ಟಿ ನೋಡಿ, "ಇನ್ನೊಂದೀಟು ಬರ್ಲಿ ಸರ್," ಅಂದಳು. ಅಸಹ್ಯ, ಮುಜಾಹಿದ್. ವಿನೋದನಿಗೆ ಹೊಡೆದ ಎರಡನೇ ಏಟು ಜಾರಿ ಬಲಗಿವಿಗೆ ಬಿತ್ತು.

ಕೂತರೆ ಬೆನ್ನು ಕುಗ್ಗುತ್ತದೆಂದು ಎಲ್ಲರನ್ನೂ ಕ್ರೂಸರ್ ಜೀಪಿನಲ್ಲಿ ಮಲಗಿಸಿ ರಾಯಚೂರಿಗೆ ತಂದೆವು. ಅಳೆಯುವ ಸಾಹೇಬರು ನೆತ್ತಿಯ ಮೇಲೆ ಪಟ್ಟಿ ಒತ್ತಿದರು. ನನ್ನ ಮಗ ಚೀರಿದ. "ಎಲ್ಲಿ ಬಡಿಸ್ಕೊಂಡು ಬಂದೀಲೇ? ಮುಂಜಾನಿಂದ ನಿನ್ನಂಥವ್ರನ್ನ ಆರು ಮಂದಿ ನೋಡೀನಿ," ಅಂದವರು ಗಟ್ಟಿಯಾಗಿ ಒತ್ತಿ ಅಳೆದು ಹೊರಗೆ ಕಳಿಸಿದರು. ಇಲಾಖೆಯಲ್ಲಿ ಇಪ್ಪತ್ತು ವರ್ಷ ಕಳೆದ ನಾನು ಗೇಟಿನ ಹೊರಗೆ ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ನಿಂತು ಎಲ್ಲ ನೋಡುತ್ತಿದ್ದೆ.

ಒಂಬತ್ತು ದಿನಕ್ಕೆ ವಾಯುಪಡೆಯ ಮೆಡಿಕಲ್. ಡಾಕ್ಟರು ಬಲಗಿವಿಯೊಳಗೆ ದೀಪ ಬಿಟ್ಟು ನೋಡಿದರು. ಪರದೆ ಹರಿದಿದೆ, ಕೇಳುವುದು ಅರ್ಧಕ್ಕರ್ಧ ಕಡಿಮೆ. ಅನ್‌ಫಿಟ್. ಈಗ ಎರಡೂ ಹೋದವು. ಮೊನ್ನೆ ಆ ಮಾಸ್ತರ ನಾಚಿಕೆಯಿಲ್ಲದೆ ಫೋನ್ ಮಾಡಿ, "ಮುಂದಿನ ಬ್ಯಾಚಿಗಿ ಕಳಸ್ರಿ, ಈ ಸಲ ಬರೋಬ್ಬರಿ ಮಾಡೋಣು," ಅಂದ. ಥೂ!

ಜಾಹೆದಾ ತಂಗಿಯನ್ನು ಕೇಳಿದೆನೆಂದು ಹೇಳು. ನಿಮ್ಮ ಮಗ ಮುನ್ನಾನಿಗೆ ನನ್ನ ಆಶೀರ್ವಾದ. ಅವನು ಏನು ಕಲಿಯುತ್ತೇನೆ ಅನ್ನುತ್ತಾನೋ ಅದನ್ನೇ ಕಲಿಸು, ನೂರು ವರ್ಷ ಚೆನ್ನಾಗಿರಲಿ.

ನಿನ್ನ
ಸಂಜೀವ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಉಳಿದ ಆರು ಮಂದಿಗೆ ಹೊಡೆದದ್ದು ಮಾಸ್ತರ. ವಿನೋದ ಮಾತ್ರ ಅವನಿಗೆ ತಲೆ ಕೊಡಲಿಲ್ಲ. "ಯಪ್ಪಾ, ನೀನಽ ಹೊಡಿ. ನೀ ಹೊಡದ್ರ ನನಗ ಅಂಜಿಕಿಲ್ಲ," ಅಂದ. ಮೊದಲ ಏಟಿಗೆ ಬಾವು ಸಾಲದೆಂದು ನಾನೇ ಇನ್ನೊಮ್ಮೆ ಬಡಿಗೆ ಎತ್ತಿದೆ. ಸಾಕು ಅನ್ನಲು ಅವನು ನನ್ನ ಕಡೆ ತಿರುಗಿದ. ನನ್ನ ಕೈ ನಿಲ್ಲಲಿಲ್ಲ. ಅವನವ್ವ ಕನಕಮ್ಮನಿಗೂ, ಡಾಕ್ಟರಿಗೂ ಮಾಸ್ತರನೇ ಹೊಡೆದನೆಂದು ಹೇಳಿದ್ದಾನೆ. ಹಾಗೆ ಹೇಳು ಅಂತ ನಾನು ಅವನಿಗೆ ಹೇಳಿಕೊಟ್ಟಿಲ್ಲ.