ಕೇಳದ ಹೂ

ಬೈಂದೂರು ಬಸ್ಸಿನಿಂದ

ಅಮ್ಮನಿಗೆ,

ದೇವಸ್ಥಾನಕ್ಕೆ ಹೊರಡುವಾಗ ನೀನು ಹೇಳಿದ್ದು ಕಿವಿಯಲ್ಲೇ ಇದೆ: "ದೇವ್ರ ಹತ್ರ ಹೂ ಕೇಣ್. ಬಲದ್ದ್ ಬಿದ್ರೆ ಇನ್ನೊಂದ್ ಮದಿ, ಎಡದ್ದ್ ಬಿದ್ರೆ ಬ್ಯಾಡ."

ಯಡ್ತರೆ ಸ್ಟಾಪ್ ಬರುವಾಗ ನನ್ನನ್ನೇ ಕೇಳಿಕೊಂಡೆ: ಎಡದ ಹೂ ಬಿದ್ದರೆ ಈ ಮದುವೆಯೇ ಬೇಡವೆಂದು ರವಿಚಂದ್ರನನ್ನು ಬಿಡುತ್ತೇನೆಯೇ? ಇಲ್ಲ. ಹಾಗಿದ್ದೂ ಕೇಳಿದರೆ ದೇವರಿಗೇ ಅವಮಾನ. ಅದಕ್ಕೆ ಹೂ ಕೇಳುವುದಿಲ್ಲ. ನೀನು ಕಟ್ಟಿಕೊಟ್ಟ ಹೆಮ್ಮಾಡಿ ಸೇವಂತಿಗೆ ಕೊಟ್ಟು, ಕೈಮುಗಿದು ಬರುತ್ತೇನೆ.

ಭಾನುವಾರ ಅವನ ಮನೆಯವರು ಬರುತ್ತಾರೆ. ಒಳ್ಳೆಯ ಅಂಜಲ್ ಮೀನು ತೆಗೆದಿಡಲು ಅಣ್ಣನಿಗೆ ಹೇಳು.

ನಮ್ಮ ಯಜಮಾನರು ತೀರಿಕೊಂಡಂದಿನಿಂದ ಪ್ರಸಾದದ ಹೂವನ್ನು ಕಣ್ಣಿಗೊತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. ಇವತ್ತು ಮುಡಿದುಕೊಂಡೇ ಬರುತ್ತೇನೆ. ನೀನು ಬಾಗಿಲಲ್ಲಿ ಬೆಚ್ಚಬಾರದೆಂದು ಈ ಚೀಟಿಯನ್ನು, ಇದೇ ಬಸ್ಸಿನಲ್ಲಿ ವಾಪಸು ಬರುವ ಕಂಡಕ್ಟರ್ ಕೈಯಲ್ಲಿ ಮೊದಲೇ ಕಳಿಸುತ್ತಿದ್ದೇನೆ.

ನಿನ್ನ ಮಗಳು,
ವಿನಯಾ